ತಂಗಿಯ ಸೊಂಟಕ್ಕೆ ತುಂಬಿದ ಹತ್ತಿ

ಅಬ್ಬಿಗೆರೆಯ ನಮ್ಮ ಮನೆಯಲ್ಲಿ ಬೀದಿ ಕಡೆಯ ಕೋಣೆಯೇ ನನ್ನ ಹೊಲಿಗೆ ಅಂಗಡಿ. ಕತ್ತರಿಸಿ ಹೊಲಿಯುವುದು ನಾನು. ಹೆಮ್ಮಿಂಗು, ಹುಕ್ಕು ತಂಗಿಯ ಪಾಲು. ಅವಳ ಬೆನ್ನು ಹುಟ್ಟಿನಿಂದಲೇ ಸ್ವಲ್ಪ ಬಾಗಿದೆ, ಎಡ ಹೆಗಲು ತಗ್ಗು. ಚಿಕ್ಕಂದಿನಲ್ಲಿ ಯಾರಾದರೂ ಅವಳನ್ನು ‘ಸೊಟ್ಟಿ’ ಎಂದರೆ ಕಲ್ಲು ಹಿಡಿದು ಅಟ್ಟಿಸಿಕೊಂಡು ಹೋಗುತ್ತಿದ್ದವಳು ನಾನೇ.

ಸಂಜಯನಗರದಿಂದ ನಾಟಕದ ಮೇಡಂ ಒಬ್ಬರು ಬಂದು, ಹಳೇ ಕಾಲದ ದೊರೆಸಾನಿ ಪಾತ್ರಕ್ಕೆ ಕಾರ್ಸೆಟ್ ಹೊಲಿದುಕೊಡಿ ಎಂದರು. ಗೌನಿನೊಳಗೆ ಎದೆಯಿಂದ ಸೊಂಟದ ಕೆಳಗಿನವರೆಗೆ ಬಿಗಿದು, ಬೆನ್ನಿನಲ್ಲಿ ದಾರ ಎಳೆದು ಕಟ್ಟುವ ಗಟ್ಟಿ ಒಳಂಗಿ ಅದು. ಅದಕ್ಕೆ ಸಣ್ಣ ಸಣ್ಣ ತುಂಡುಗಳು ಬಹಳ, ಎಲ್ಲ ನೋಡಲು ಹೆಚ್ಚುಕಡಿಮೆ ಒಂದೇ ಥರ. ಪ್ರತಿ ತುಂಡಿನ ಮೇಲೂ ನಂಬರ್ ಬರೆದು, ಮೇಲ್ತುದಿಗೆ ಗುರುತು ಹಾಕಿ ಎಂದು ಹೇಳಿಹೋದರು. ನಾನು ಸ್ಕೂಲು ಬೇಗ ಬಿಟ್ಟವಳು, ಬರೆಯುವುದೆಂದರೆ ಮೊದಲಿಂದಲೂ ಬೇಸರ. ಕಣ್ಣಳತೆ ಸಾಕು ಅಂದುಕೊಂಡೆ.

ಆ ಪಾತ್ರದ ನಟಿಯ ಸೊಂಟದ ಅಳತೆಯೇ ತಂಗಿಯದೂ. ಅವಳಿಗೇ ತೊಡಿಸಿ ನೋಡಿದೆ. ಎಡಗಡೆ ಸೊಂಟದಲ್ಲಿ ಬಟ್ಟೆ ಮೈಗೆ ಕೂರಲಿಲ್ಲ.

‘ಅಕ್ಕಾ, ಯಾವ್ದಾದ್ರೂ ತುಂಡು ಉಲ್ಟಾ ಆಗಿದ್ಯಾ ನೋಡೇ.’

‘ಸುಮ್ನೆ ನಿಂತ್ಕೊ. ನಂಗೇ ಹೇಳ್ಕೊಡ್ತೀಯಾ?’

ಹಳೇ ದಿಂಬಿನ ಹತ್ತಿಯನ್ನು ಬಟ್ಟೆಯಲ್ಲಿ ಸುತ್ತಿ, ಸಡಿಲವಿದ್ದ ಕಡೆ, ತಗ್ಗಿದ ಹೆಗಲ ಕೆಳಗೆ ಕಂಕುಳ ಹತ್ತಿರವೂ ಒಳಗಿಟ್ಟು ಟಾಕಾ ಹಾಕಿದೆ. ದಾರ ಬಿಗಿದೆ. ತಂಗಿ ಕನ್ನಡಿಯ ಮುಂದೆ ಹೋಗಿ ನಿಂತಳು.

‘ನೆಟ್ಟಗೆ ಕಾಣ್ತೀನಿ ಕಣೇ! ಉಸ್ರು ಬಿಡಕ್ಕಾಗ್ದೆ ಇದ್ರೂ ಪರ್ವಾಗಿಲ್ಲ!’

ಇಬ್ಬರೂ ನಗುತ್ತಿರುವಾಗಲೇ ಮೇಡಂ ಬಂದರು. ತಂಗಿಯ ಸೊಂಟವನ್ನು ಬೆರಳಿನಿಂದ ಒತ್ತಿ ನೋಡಿದರು.

‘ಇಲ್ಯಾಕ್ರೀ ಇಷ್ಟೊಂದು ಹತ್ತಿ? ಕಟಿಂಗ್ ಸರಿ ಇದ್ಯಾ?’

‘ಕಟಿಂಗ್ ಸರಿಯಾಗೇ ಇದೆ ಮೇಡಂ. ಇವಳ ಮೈಯೇ ಸೊಟ್ಟ. ಹತ್ತಿ ತೆಗೆದ್ರೆ ನಿಮ್ಮ ಹುಡುಗಿಗೆ ಕರೆಕ್ಟಾಗ್ ಕೂರತ್ತೆ.’

ತಂಗಿಯ ನಗು ನಿಂತಿತು. ಒಳಗೆ ಹೋಗೋಣವೆಂದರೆ ಬೆನ್ನಿನ ದಾರ ಅವಳ ಕೈಗೆ ಎಟುಕದು. ನಾನು ಗಂಟು ಬಿಚ್ಚಿ ಮುಗಿಸುವ ತನಕ ಅವಳು ಮೇಡಂ ಎದುರಿಗೇ ನಿಂತಿರಬೇಕಾಯಿತು.

ಹತ್ತಿ ತೆಗೆದು ಕಳಿಸಿದ ಮೇಲೆ ನಟಿಯ ಮೈ ಮೇಲೂ ಅದೇ ಎಡಗಡೆ ಸಡಿಲವಾಗಿ, ಕಾರ್ಸೆಟ್ ವಾಪಸ್ ಬಂತು. ಹೊಲಿಗೆ ಬಿಚ್ಚಿ ನೋಡಿದೆ. ಒಂದು ತುಂಡನ್ನು ತಲೆಕೆಳಗಾಗಿ ಸೇರಿಸಿದ್ದೆ. ತಿರುಗಿಸಿ ಹೊಲಿದು ತಂಗಿಯನ್ನು ಕರೆದೆ.

‘ಒಂದ್ಸಲ ಹಾಕ್ಕೊಂಡ್ ನಿಂತ್ಕೊಳೇ.’

ಹೆಮ್ಮಿಂಗಿನಿಂದ ತಲೆಯೆತ್ತದೆ ಅಂದಳು: ‘ಸೊಟ್ಟ ಮೈ ಮೇಲೆ ಏನ್ ನೋಡ್ತೀಯಕ್ಕಾ? ದಿಂಬಿಗ್ ಕಟ್ಟಿ ನೋಡ್ಕೋ.’

ಬಿಚ್ಚಿದ ಹೊಲಿಗೆಯ ದಾರದ ಚೂರುಗಳು ಇನ್ನೂ ನನ್ನ ಮಡಿಲಲ್ಲಿದ್ದವು. ತಪ್ಪು ನಂದೇ ಕಣೇ ಎನ್ನಬೇಕಿತ್ತು. ಇವತ್ತಿನವರೆಗೂ ಅಂದಿಲ್ಲ. ಚೂರುಗಳನ್ನು ಕೊಡವಿ, ಎದ್ದು ಹೋಗಿ ದಿಂಬು ತಂದೆ.