ಎರಡು ಹೊತ್ತಿನ ಊಟದ ಪಾಠ

ಗುಲ್‌ಶನ್ ಗದಗಿನ ಹೈಸ್ಕೂಲೊಂದರಲ್ಲಿ ಇತಿಹಾಸ ಕಲಿಸುತ್ತಿದ್ದಳು. ಗಂಡ ನಜೀಬ್ ಅದೇ ಶಾಲೆಯ ಗಣಿತದ ಮಾಸ್ತರ. 1997ರಲ್ಲಿ ಅಮೆರಿಕಕ್ಕೆ, ಶಿಕಾಗೋ ಪಕ್ಕದ ಲೊಂಬಾರ್ಡ್‌ಗೆ ಬಂದ ಮೇಲೆ ಅವನು ಶಿಕಾಗೋದಲ್ಲಿ ನಮ್ಮ ಕಡೆಯವರ ಅಂಗಡಿಗಳೇ ತುಂಬಿದ ಡೆವನ್ ಅವೆನ್ಯೂದಲ್ಲಿ ಸೂಟ್‌ಕೇಸ್ ಅಂಗಡಿ ಹಾಕಿದ. ಅವಳಿಗೆ ಶಿಕಾಗೋದ ಸಣ್ಣ ಮ್ಯೂಸಿಯಂ ಒಂದರಲ್ಲಿ ಕೆಲಸ ಸಿಕ್ಕಿತು. ಪ್ರಾಚೀನ ಚೀನಾದ ಜನ ದಿನಾ ಹೇಗೆ ಉಣ್ಣುತ್ತಿದ್ದರು ಎಂದು ಶಾಲಾ ಮಕ್ಕಳಿಗೆ ಹೇಳುವುದು ಅವಳ ಪಾಲಿನ ಪಾಠ.

ಅವಳು ಓದಿ ಓದಿ ತಯಾರಾದಳು. ಅಲ್ಲಿನ ಸಾಮಾನ್ಯ ಜನಕ್ಕೆ ಬಹುಕಾಲ ದಿನಕ್ಕೆ ಎರಡೇ ಊಟ. ಹೊತ್ತೇರಿದ ಮೇಲೆ ದೊಡ್ಡದು, ಇಳಿಹೊತ್ತಿಗೆ ಚಿಕ್ಕದು. ದಿನದ ಹೊತ್ತುಗಳಿಗೇ ಊಟದ ಹೆಸರಿತ್ತು. ಉತ್ತರದವರು ನವಣೆ ಬೇಯಿಸಿಕೊಳ್ಳುತ್ತಿದ್ದರು, ಬಡವರ ಸಾರಿಗೆ ಸೋಯಾ ಸೊಪ್ಪು. ಮಾಂಸ ತಿನ್ನುವವರು ಎಂದರೆ ಅಧಿಕಾರಿಗಳು ಎಂದೇ ಅರ್ಥ.

2003ರ ಬೇಸಿಗೆಯಲ್ಲಿ ನಜೀಬನಿಗೆ ಅನ್ನನಾಳದ ಕ್ಯಾನ್ಸರ್ ಎಂದು ಗೊತ್ತಾಯಿತು. ಚಳಿಗಾಲದ ಹೊತ್ತಿಗೆ ನುಂಗುವುದು ನಿಂತುಹೋಯಿತು. ಹೊಟ್ಟೆಗೆ ನಳಿಗೆ ಇಟ್ಟು, ಡಬ್ಬಿಯ ಹಾಲಿನಂಥದನ್ನು ಅದರಲ್ಲಿ ಬಿಡುತ್ತಿದ್ದರು. ಬಾಯಿಂದ ಒಂದು ಹನಿಯೂ ಕೂಡದು, ಶ್ವಾಸಕೋಶಕ್ಕೆ ಇಳಿದೀತು ಎಂದು ಡಾಕ್ಟರ್ ಎಚ್ಚರಿಸಿದ್ದರು. ಗುಲ್‌ಶನ್ ಮತ್ತು ಮಗಳು ದಾನಿಯಾ ಅವನ ಕಣ್ಣಿಗೆ ಬೀಳದಂತೆ ಬಾಗಿಲು ಹಾಕಿಕೊಂಡು ಉಣ್ಣತೊಡಗಿದರು. ಮನೆಯಲ್ಲಿ ಒಗ್ಗರಣೆ ಹಾಕುವುದೇ ನಿಂತಿತು.

ಮನೆಯ ಮಾತು ಉರ್ದುವಾದರೂ ಗಂಡ ಹೆಂಡತಿ ಇಬ್ಬರೇ ಇದ್ದಾಗ ಸ್ಟಾಫ್‌ರೂಮಿನ ಕನ್ನಡವೇ.

"ಏನ್ ಹೇಳಿದಿ ಇವತ್ತ ಹುಡುಗರಿಗೆ?" ಎಂದು ಒಂದು ಸಂಜೆ ನಜೀಬ್ ಕೇಳಿದ.

"ಏನಿಲ್ರಿ, ಹಂಗ... ಗಡಿಗಿ, ಒಲಿ."

"ಊಟದ ಸುದ್ದೀನ ಹೇಳ. ನನ್ನ ಮುಂದ ಯಾಕ ಮುಚ್ಚತಿ?"

ಅಂದಿನಿಂದ ಅವಳು ದಿನಾ ಪಾಠ ಒಪ್ಪಿಸಿದಳು. ನವಣೆಯ ಮಾತು ಬಂದಾಗ ಅವನು ತಲೆ ಎತ್ತಿದ.

"ನಮ್ಮ ನವಣಿನ?"

"ಹೌದ್ರಿ, ಅದ."

"ಅವ್ವ ನವಣಿ ಗಂಜಿಗೆ ಬೆಲ್ಲ ಹಾಕತಿದ್ಲು. ಒಂದ ಚಮಚಾ ಮಾಡಿಕೊಡ."

"ಬ್ಯಾಡ್ರಿ. ಡಾಕ್ಟರ್ ಬ್ಯಾಡ ಅಂದಾರ."

ಮೂರು ವಾರ ಅವನು ಅದನ್ನೇ ಕೇಳಿದ. ಸಿಟ್ಟಿನಿಂದಲ್ಲ, ಗಣಿತದ ಮಾಸ್ತರ ಬಾರದ ಉತ್ತರಕ್ಕೆ ಕಾಯುವಂತೆ. ಫೆಬ್ರವರಿಯ ಒಂದು ಮಧ್ಯಾಹ್ನ ಅವಳು ಡೆವನ್‌ನಿಂದ ತಂದ ನವಣೆಯನ್ನು ನುಣ್ಣಗೆ ಕುದಿಸಿ, ಸೋಸಿ, ಬೆಲ್ಲ ಕರಗಿಸಿ ತಂದಳು. ನಾಲಗೆಗೆ ಒಂದಿಷ್ಟು ಸವರಿದರೆ ಸಾಕೆಂದು ಎಣಿಸಿದ್ದಳು. ಅವನು ಕಣ್ಣು ಮುಚ್ಚಿ ಮತ್ತೆ ಬಾಯಿ ತೆರೆದ. ಅವಳು ಮತ್ತೆ ಕೊಟ್ಟಳು. ಮೂರನೆಯ ಚಮಚಕ್ಕೆ ಕೆಮ್ಮು ಹತ್ತಿತು.

ಎರಡು ದಿನಕ್ಕೆ ಜ್ವರ 103 ಮುಟ್ಟಿತು. ಆಸ್ಪತ್ರೆಯಲ್ಲಿ ಡಾಕ್ಟರ್, ಬಾಯಿಂದ ಏನಾದರೂ ಕೊಟ್ಟಿರಾ ಎಂದು ಕೇಳಿದರು. ದಾನಿಯಾ ಪಕ್ಕದಲ್ಲೇ ನಿಂತಿದ್ದಳು. ಗುಲ್‌ಶನ್ "ಇಲ್ಲ" ಎಂದಳು. ಅದು ನ್ಯುಮೋನಿಯಾ ಎಂದರು. ಎಂಟನೆಯ ದಿನ ನಜೀಬ್ ತೀರಿಕೊಂಡ.

ಆಮೇಲೆ ಒಬ್ಬಳೇ ಹೋಗಿ ಡಾಕ್ಟರಿಗೆ ನಿಜ ಹೇಳಿದಳು. ನಜೀಬನದೇ ಎಂಜಲು ಶ್ವಾಸಕೋಶಕ್ಕೆ ಇಳಿದರೂ ಹೀಗಾಗಬಹುದಿತ್ತು, ಗೊತ್ತಿದ್ದರೂ ಇದೇ ಔಷಧಿ ಕೊಡುತ್ತಿದ್ದೆವು ಎಂದರು ಅವರು. ಅವಳಿಗೆ ಅದರಿಂದ ಸಮಾಧಾನವೇನೂ ಆಗಲಿಲ್ಲ. ಏಪ್ರಿಲ್‌ನಲ್ಲಿ ಮಗಳ ಮುಂದೆ ಕೂತು ಉರ್ದುವಿನಲ್ಲಿ ಹೇಳಿದಳು: "ನಾನು ಕೊಟ್ಟೆ. ನವಣೆ ಗಂಜಿ. ಮೂರು ಚಮಚ."

ದಾನಿಯಾ ಕೂಗಾಡಲಿಲ್ಲ. "ಹೀ ಆಸ್ಕ್ಡ್ ಮೀ ಟೂ, ಅಮ್ಮೀ. ಎವ್ರಿ ಡೇ. ಐ ಸೆಡ್ ನೋ," ಎಂದಳು. ಆಮೇಲೆ ಬಿಕ್ಕಿದಳು.

ಗುಲ್‌ಶನ್ ಮ್ಯೂಸಿಯಂ ಕೆಲಸವನ್ನು ಇನ್ನೊಂದು ವರ್ಷ ಮಾಡಿದಳು. ಒಂದು ದಿನ ಮೂರನೇ ತರಗತಿಯ ಹುಡುಗಿಯೊಬ್ಬಳು, ಆ ಕಾಲದಲ್ಲಿ ಕಾಯಿಲೆಯವರಿಗೆ ಏನು ಉಣಿಸುತ್ತಿದ್ದರು ಎಂದು ಕೇಳಿದಳು. ಪುಸ್ತಕದಲ್ಲಿದ್ದ ಉತ್ತರ ಗೊತ್ತಿತ್ತು: ತೆಳ್ಳನೆಯ ಗಂಜಿ. ಆದರೂ ಗೊತ್ತಿಲ್ಲ ಎಂದು ಹೇಳಿ, ಮಕ್ಕಳನ್ನು ಅವರ ಟೀಚರಿಗೆ ಒಪ್ಪಿಸಿ ಹೊರಬಂದಳು. ಮರುವಾರವೇ ಕೆಲಸ ಬಿಟ್ಟಳು.