ಉಳಿ ಮುಟ್ಟದ ದಿನ ಕಟ್ಟಿದ ಬಂಡಿ

ನಮ್ಮಪ್ಪ ಹೊಳವನಹಳ್ಳಿಯಲ್ಲಿ ಮರಗೆಲಸದ ಆಚಾರಿ. ಮಹಾರಾಜರು ಮೈಸೂರಿನಲ್ಲಿ ಏನೇನು ಕಟ್ಟಿಸುತ್ತಿದ್ದರೋ, ನಮ್ಮ ಅಂಗಳಕ್ಕೆ ಬರುತ್ತಿದ್ದದ್ದು ನೇಗಿಲು, ಗಾಡಿ, ಬಾಗಿಲು, ಆಗಾಗ ಯಾರೋ ಸಾಹೇಬರ ಭಾರಕ್ಕೆ ಕಾಲು ಮುರಿದುಕೊಂಡ ಕುರ್ಚಿ. ಅಮಾವಾಸ್ಯೆಯಂದು ಮಾತ್ರ ಆಚಾರಿಗಳು ಹತಾರ ಮುಟ್ಟುವಂತಿಲ್ಲ. ಉಳಿ, ಬಾಚಿ, ಗರಗಸಕ್ಕೆಲ್ಲ ಕುಂಕುಮವಿಟ್ಟು ಮೂಲೆಯಲ್ಲಿ ಮಲಗಿಸುತ್ತಿದ್ದರು. ನಮ್ಮಮ್ಮನಿಗೆ ಅಂಥ ರಜೆ ಒಂದು ದಿನವೂ ಇರಲಿಲ್ಲ. ಪಾಪ, ಉಳಿಯಾಗಿ ಹುಟ್ಟಬೇಕಿತ್ತು.

ಸುಮ್ಮನೆ ಕೂರುವುದು ಅಪ್ಪನಿಗೆ ಆಗದ ಮಾತು. ಆ ದಿನ ಬೀದಿಯ ಮಕ್ಕಳನ್ನೆಲ್ಲ ಕರೆದು, ತುಂಡುಮರದ ಗುಡ್ಡೆಯ ಮುಂದೆ ಕೂರಿಸಿ, ಸಂಜೆಯೊಳಗೆ ಏನಾದರೂ ಮಾಡಿ ಎನ್ನುತ್ತಿದ್ದ. ಹತಾರ ಇಲ್ಲ, ಮೊಳೆ ಇಲ್ಲ. ಕಲ್ಲಿಗೆ ಉಜ್ಜಬೇಕು, ಒಂದಕ್ಕೊಂದು ಸಿಕ್ಕಿಸಬೇಕು. ಮರದ ಗುಣ ಮೊದಲು ಕೈಗೆ ಗೊತ್ತಾಗಲಿ, ಉಳಿ ಆಮೇಲೆ ಎನ್ನುವುದು ಅವನ ವಾದ. ಮಕ್ಕಳು ಆನೆ ಮಾಡಲು ಹೊರಟು ಹಂದಿ ಮಾಡುತ್ತಿದ್ದರು. ಒಬ್ಬನಂತೂ ಸಿದ್ದರಬೆಟ್ಟ ಮಾಡಿದ್ದೇನೆಂದು ಆ ಗುಡ್ಡೆಯನ್ನೇ ತೋರಿಸಿ ಬೈಸಿಕೊಂಡ.

ಮಿಕ್ಕ ದಿನಗಳಲ್ಲಿ ನನ್ನ ಪಾಲಿಗೆ ಪೊರಕೆ. ಹೆಣ್ಣು ಮುಟ್ಟಿದರೆ ಉಳಿ ಮೊಂಡಾಗುತ್ತದೆಂದು ಅಜ್ಜಿಯ ಕಟ್ಟಪ್ಪಣೆ. ಅದೇ ಉಳಿಯಲ್ಲಿ ನಮ್ಮಣ್ಣ ಹುಣಸೆಬೀಜ ಒಡೆಯುತ್ತಿದ್ದ, ಅದಕ್ಕೇನೂ ಆಗುತ್ತಿರಲಿಲ್ಲವಂತೆ. ಅಮಾವಾಸ್ಯೆಯಂದು ಯಾರೂ ಉಳಿ ಮುಟ್ಟುವಂತಿಲ್ಲವಾದ್ದರಿಂದ ನಾನೂ ಅವನೂ ಸರಿಸಮ. ಅಪ್ಪ ತನ್ನ ಕೈಯಾರೆ ನನಗೊಂದು ಉಳಿ ಕೊಡಬೇಕು ಎನ್ನುವುದು ಹತ್ತು ವರ್ಷದ ನನಗಿದ್ದ ಒಂದೇ ಆಸೆ.

ಒಂದು ಅಮಾವಾಸ್ಯೆ ಅಪ್ಪ ಹೊಸ ಮಾತು ತೆಗೆದ. ಜಗಲಿಯಿಂದ ಕೆಡವಿದರೂ ಬಿಚ್ಚಿಕೊಳ್ಳದಂಥದ್ದನ್ನು ಯಾರು ಮಾಡುತ್ತಾರೋ ಅವರಿಗೆ ಮಾರನೆಯ ದಿನದಿಂದ ಸಣ್ಣ ಉಳಿ. ದಿನಾ ಗುಡಿಸಿ ಗುಡಿಸಿ ಆ ಗುಡ್ಡೆಯ ಒಂದೊಂದು ತುಂಡೂ ನನಗೆ ಪರಿಚಯ. ತಪ್ಪಾಗಿ ತೂತು ಕೊರೆದು ಎಸೆದಿದ್ದ ಎರಡು ಬಿಲ್ಲೆ ಗಾಲಿಯಾದವು, ಜಾಲಿಯ ಕಡ್ಡಿ ಅಚ್ಚಾಯಿತು. ಸಂದಿಗಳಿಗೆ ಒಣಗಿದ ಬೇವಿನ ಚಕ್ಕೆಯನ್ನು ಬೆಣೆಯಾಗಿ ತುರುಕಿ ನೀರು ಚಿಮುಕಿಸಿದೆ. ನೀರು ಕುಡಿದು ಊದಿದ ಬೆಣೆ ಅಲ್ಲಾಡದೆ ಕೂತಿತು.

ಸಂಜೆ ಹಂದಿಗಳೆಲ್ಲ ಬಿದ್ದು ಚೂರಾದವು. ನನ್ನ ಬಂಡಿ ಎರಡು ಉರುಳು ಉರುಳಿ ನೆಟ್ಟಗೆ ನಿಂತಿತು.

“ಯಾರ್ಲಾ ಇದ್ನ ಮಾಡಿದ್ದು?” ಅಪ್ಪ ಕೇಳಿದ.

ನಾನು ಬಾಯಿ ತೆರೆಯುವಷ್ಟರಲ್ಲಿ ಅಣ್ಣ “ನಾನೇ ಕಣಪ್ಪ” ಎಂದುಬಿಟ್ಟ. ಬಾಗಿಲಲ್ಲಿ ಕೂತಿದ್ದ ಅಜ್ಜಿ ನನ್ನನ್ನೇ ದುರುಗುಟ್ಟಿಕೊಂಡು ನೋಡುತ್ತಿದ್ದಳು. ಹೆಣ್ಣಿಗೆ ಉಳಿ ಕೊಡಿಸುವ ಬಂಡಿಯನ್ನು ಅವಳು ಒಲೆಗೆ ಹಾಕುವುದು ಖಂಡಿತವೆಂದು ಸುಮ್ಮನಾದೆ. ಅಪ್ಪ ಬಂಡಿಯನ್ನು ತಿರುಗಿಸಿ ನೋಡಿದ, ನನ್ನ ಒದ್ದೆ ಲಂಗವನ್ನೂ ನೋಡಿದ, ಆಮೇಲೆ ಉಳಿ ಅಣ್ಣನಿಗೇ ಎಂದ. ನಾನು ಹಿತ್ತಿಲಲ್ಲಿ ಕೂತು ಅತ್ತೆ. ಮುಕ್ಕೋಟಿ ದೇವರಲ್ಲಿ ಒಬ್ಬರನ್ನೂ ಬಿಡದೆ ಬೈದೆ.

ಅಣ್ಣನ ವೈಭವ ಎರಡು ದಿನ ನಡೆಯಿತು. ಬಾಗಿಲುಪಟ್ಟಿಗೆ ತೂತು ಹೊಡೆಯಲು ಹೋಗಿ ಎರಡು ಪಟ್ಟಿ ಸೀಳಿದ ಮೇಲೆ ನನ್ನ ಹತ್ತಿರ ಬಂದು ಹಲ್ಲುಗಿಂಜಿದ. ಊಟವಾಗಿ ಅಜ್ಜಿ ಗೊರಕೆ ಶುರು ಮಾಡಿದಾಗ ನಾನು ಹಿತ್ತಿಲಲ್ಲಿ ಉಳಿ ಹಿಡಿಯುವುದು, ಅವನು ಅಂಗಳ ಗುಡಿಸುವುದು ಎಂದು ಒಪ್ಪಂದವಾಯಿತು. ಅವನ ಕೈಯಲ್ಲಿ ಪೊರಕೆ ನೋಡಿ ನನಗಾದ ಖುಷಿ ಅಷ್ಟಿಷ್ಟಲ್ಲ. ಎರಡೇ ತಿಂಗಳಲ್ಲಿ ಊರವರು ಆಚಾರಿಯ ಮಗನ ಕೈಚಳಕವನ್ನು ಹೊಗಳತೊಡಗಿದರು. ಅವನು ನಾಚಿಕೆಯಿಲ್ಲದೆ ತಲೆಯಾಡಿಸುತ್ತಿದ್ದ. ನನಗೆ ಹೊಟ್ಟೆ ಉರಿಯುತ್ತಿತ್ತು.

ಒಂದು ಮಧ್ಯಾಹ್ನ ಉಳಿ ಜಾರಿ ನನ್ನ ಎಡಗೈ ಬೆರಳು ಸೀಳಿತು. ನನ್ನ ಕೂಗಿಗೆ ಅಜ್ಜಿ ಎದ್ದು ಬಂದಳು, ಅಪ್ಪನೂ ಓಡಿ ಬಂದ. ಅಣ್ಣ ಅಷ್ಟರಲ್ಲಿ ಉಳಿ ಎತ್ತಿಕೊಂಡಿದ್ದ. ಕುಡುಗೋಲು ತಗುಲಿತು ಎಂದೆ. ಅಪ್ಪ ನನ್ನ ಬೆರಳನ್ನು ತಿರುಗಿಸಿ ಗಾಯ ನೋಡಿದ. ಅರಿಶಿನ ಮೆತ್ತಿ, ಪಂಚೆಯ ಅಂಚು ಹರಿದು ಸುತ್ತುತ್ತಾ, ನನ್ನ ಮುಖ ನೋಡದೆ ಅಣ್ಣನಿಗೆ ಹೇಳಿದ:

“ಕೈ ಚೆನ್ನಾಗಿ ಕುದುರ್ತಾ ಐತೆ ಕಣ್ಲಾ ನಿಂದು. ಉಳಿ ಹೊಡಿವಾಗ ಎಡಗೈ ಹಿಂದಕ್ಕಿಟ್ಕೊ. ಈ ಕೈ ಹೋದ್ರೆ ನಮ್ಮನೆ ಕಸುಬೇ ಹೋಯ್ತದೆ.”

ಅಣ್ಣ ಹೂಂ ಎಂದ. ಅಪ್ಪ ಗಂಟು ಹಾಕಿ ಮುಗಿಸಿದ ಮೇಲೂ ನನ್ನ ಕೈ ಬಿಟ್ಟಿರಲಿಲ್ಲ.