ಮನೆ ಕಡೆಯ ವೇಗ

ವಿಜ್ಞಾನದ ಮೇಡಂಗೆ ಮಕ್ಕಳು ‘ಎಕ್ಸ್‌ಪ್ರೆಸ್’ ಎಂದು ಹೆಸರಿಟ್ಟು ವರ್ಷಗಳೇ ಆಗಿದ್ದವು. ಹಾಸಿಗೆ ಹಿಡಿದ ಅವರ ತಾಯಿಯನ್ನು ಹಗಲು ನೋಡಿಕೊಳ್ಳುತ್ತಿದ್ದ ಹೆಂಗಸು ಸಂಜೆಯಾದರೆ ಹೊರಡಲು ಬಾಗಿಲಲ್ಲೇ ನಿಂತಿರುತ್ತಿದ್ದಳು. ಹಾಗಾಗಿ ಕೊನೆಯ ಗಂಟೆ ಹೊಡೆದದ್ದೇ ತಡ, ಮೇಡಂ ಬ್ಯಾಗನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಬಸ್ ಸ್ಟಾಪಿನತ್ತ ಅರ್ಧ ಓಡಿಕೊಂಡೇ ಹೋಗುತ್ತಿದ್ದರು. ಮದುವೆಯ ಮಾತು ಯಾವತ್ತೋ ಹಿಂದೆ ಬಿದ್ದಿತ್ತು. ಇದ್ದೊಬ್ಬ ತಮ್ಮ, ದೂರದೂರಿನಲ್ಲಿ ಸಂಸಾರಸ್ಥ. ಫೋನು ಮಾಡಿದರೆ ಎರಡೇ ಮಾತು. ತಾಯಿ ತೀರಿಕೊಂಡು ವರ್ಷ ತುಂಬುತ್ತಾ ಬಂದಿತ್ತು. ಮಕ್ಕಳ ಬಾಯಲ್ಲಿ ಹೆಸರು ಮಾತ್ರ ಹಾಗೇ ಉಳಿದಿತ್ತು.

ಒಂಬತ್ತನೇ ತರಗತಿಗೆ ಚಲನೆಯ ಪಾಠ ಶುರುವಾದಾಗ ಮೇಡಂ ಪುಸ್ತಕ ಮುಚ್ಚಿಟ್ಟರು. ಎಲ್ಲೋ ಹೊರಟು ಎಲ್ಲೋ ತಲುಪುವ ರೈಲಿನ ಲೆಕ್ಕ ಸಾಕು, ನಿಮ್ಮ ಕಾಲನ್ನೇ ಅಳೆಯೋಣ ಎಂದರು. ಗೇಟಿನಿಂದ ಬಸ್ ಸ್ಟಾಪಿನವರೆಗೆ ಟೇಪು ಹಿಡಿದು ದರ್ಜಿ ಅಂಗಡಿ, ಸೈಕಲ್ ರಿಪೇರಿ, ಔಷಧಿ ಅಂಗಡಿಗಳ ಮುಂದೆ ಸೀಮೆಸುಣ್ಣದ ಗೆರೆ ಎಳೆದದ್ದಾಯಿತು. ಸ್ಟಾಪ್‌ವಾಚುಗಳು ಪಿ.ಟಿ. ಮೇಷ್ಟ್ರ ಬೀರುವಿನಲ್ಲಿದ್ದವು. ಓಡುವವರ ಸಾಮಾನು ಅಡ್ಡಾಡುವವರಿಗೂ ಬೇಕಾಯಿತೇ ಎಂದು ಗೊಣಗುತ್ತಲೇ ಕೊಟ್ಟರು.

ಬೆಳಿಗ್ಗೆ ಬರುವಾಗ, ಸಂಜೆ ಹೋಗುವಾಗ ಮಕ್ಕಳು ಒಬ್ಬರ ನಡಿಗೆಯನ್ನು ಇನ್ನೊಬ್ಬರು ಅಳೆದರು. ಬೋರ್ಡಿನ ಮೇಲೆ ಗ್ರಾಫು ಬರೆದಾಗ ಎಲ್ಲರ ಸಂಜೆಯ ಗೆರೆ ಬೆಳಗಿನದಕ್ಕಿಂತ ನೆಟ್ಟಗೆ ಏರಿತ್ತು. ಮನೆ ಕಡೆ ಎಲ್ಲರ ಕಾಲೂ ಚುರುಕು. ಒಬ್ಬ ದಪ್ಪ ಹುಡುಗನ ಗೆರೆ ಮಾತ್ರ ಮಲಗಿತ್ತು. ಅವತ್ತು ಅವನ ಬ್ಯಾಗಿನಲ್ಲಿ ಮಾರ್ಕ್ಸ್ ಕಾರ್ಡ್ ಇತ್ತೆಂದು ಪಕ್ಕದವನು ಗುಟ್ಟು ಬಿಟ್ಟ. ತರಗತಿಯೆಲ್ಲ ನಕ್ಕಿತು, ಆ ಹುಡುಗನೂ ನಕ್ಕ.

ಆಗ ಕೊನೆಯ ಬೆಂಚಿನ ಹುಡುಗಿ ಎದ್ದು ನಿಂತಳು. “ಮೇಡಂ, ನಿಮಗೆ ಹೇಳ್ದೆ ನಿಮ್ಮದೂ ಅಳೆದಿದೀವಿ.”

ಅವಳು ಬೋರ್ಡಿಗೆ ಬಂದು ಎರಡು ಗೆರೆ ಎಳೆದಳು. ಬೆಳಗಿನದು ಏರಿತು. ಸಂಜೆಯದು ನೆಲ ಹಿಡಿಯಿತು. ವಾಚ್ ಕೆಟ್ಟಿರಬೇಕು ಎಂದರು ಕೆಲವರು. ಮೇಡಂಗೆ ಸುಸ್ತಾಗಿರುತ್ತೆ ಎಂದರು ಇನ್ನು ಕೆಲವರು. ಮೇಡಂ ಆ ಗೆರೆಯನ್ನು ನೋಡುತ್ತಾ ನಿಂತರು. ಸಂದೇಹವಿದ್ದರೆ ಇನ್ನೊಮ್ಮೆ ಅಳೆಯಿರಿ ಎಂದಷ್ಟೇ ಹೇಳಿದರು.

ಅಂದು ಸಂಜೆ ಅವರು ಬಿರಬಿರನೆ ನಡೆದರು. ರಸ್ತೆಯ ಗೆರೆಗಳ ಹತ್ತಿರ ಮಕ್ಕಳು ಬೇರೆಲ್ಲೋ ನೋಡುವವರಂತೆ ನಿಂತಿದ್ದರು. ಈಚೆಗೆ ದಿನವೂ ತಪ್ಪುತ್ತಿದ್ದ ಬಸ್ಸು ಸಿಕ್ಕಿತು. ಮನೆ ತಲುಪಿದಾಗ ಗೋಡೆಯ ಮೇಲೆ ಇನ್ನೂ ಬಿಸಿಲಿತ್ತು. ತಾಯಿಯ ಮಂಚದ ಮೇಲೆ ಮಡಿಸದ ಬಟ್ಟೆಗಳ ರಾಶಿ. ಚಹಾ ಮಾಡಿ ನಿಂತೇ ಕುಡಿದರು, ಲೋಟ ತೊಳೆದರು, ಬಟ್ಟೆ ಮಡಿಸಿದರು. ಆಮೇಲೂ ಬಿಸಿಲು ಗೋಡೆ ಬಿಟ್ಟಿರಲಿಲ್ಲ.

ಮರುದಿನ ಹುಡುಗಿ ಖುಷಿಯಿಂದ ಹೊಸ ಗೆರೆ ಎಳೆದಳು. ಈಗ ಸರಿಹೋಯಿತು, ಮೊದಲನೆಯದು ತಪ್ಪು ಎಂದಳು.

“ಇದನ್ನ ಅಳಿಸಮ್ಮ,” ಎಂದರು ಮೇಡಂ. “ನೀವು ನೋಡ್ತಿದೀರ ಅಂತ ಬೇಕಂತಲೇ ಬೇಗ ನಡೆದೆ. ಮೊದಲನೇದೇ ಸರಿ.”

“ಹಾಗಾದ್ರೆ ಕಾರಣ ಏನಂತ ಬರೀಲಿ ಮೇಡಂ?”

ಮೇಡಂ ಕೈಗಂಟಿದ ಸೀಮೆಸುಣ್ಣವನ್ನು ಒರೆಸಿಕೊಂಡರು. “ಮನೇಲಿ ಯಾರೂ ಇಲ್ಲ,” ಎಂದರು.

ಯಾರೂ ನಗಲಿಲ್ಲ. ಹುಡುಗಿ ಹೊಸ ಗೆರೆ ಅಳಿಸಿ ಹಳೆಯದನ್ನು ಮತ್ತೆ ಎಳೆದಳು. ಕಾರಣದ ಜಾಗವನ್ನು ಖಾಲಿ ಬಿಟ್ಟಳು. ಮೇಡಂ ಮುಂದಿನ ಪಾಠ ತೆಗೆದರು.

ಆ ಸಂಜೆ ಅವರು ತಮ್ಮ ನಡಿಗೆಯಲ್ಲೇ ಹೊರಟರು. ಸೈಕಲ್ ರಿಪೇರಿ ಅಂಗಡಿಯ ಹತ್ತಿರ ಹಿಂದಿನಿಂದ ಬಂದ ಹುಡುಗಿ ಅವರ ಪಕ್ಕಕ್ಕೆ ಬಂದು ನಾಲ್ಕು ಹೆಜ್ಜೆ ಜೊತೆಗೆ ನಡೆದಳು. ಏನೋ ಹೇಳಬೇಕೆಂದವಳು ಬರುತ್ತೀನಿ ಮೇಡಂ ಎಂದಷ್ಟೇ ಹೇಳಿ ಓಡಿದಳು. ಅವಳ ಬಸ್ಸು ಬಂದಿತ್ತು. ಮೇಡಂ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತರು. ಸ್ವಲ್ಪ ಹೊತ್ತಿಗೆ ಅವರ ಬಸ್ಸೂ ಬಂತು. ಮುಂದಿನದಕ್ಕೆ ಹೋದರಾಯಿತೆಂದು ಅದನ್ನು ಬಿಟ್ಟುಬಿಟ್ಟರು.